ತನಿಖಾಧಿಕಾರಿ ಬಂದೋಬಸ್ತಿಗೆ ಹೋದರೆ ಕೊಲೆ ಕೇಸು ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

"ಸಾಹೇಬ್ರು ಬಂದೋಬಸ್ತ್‌ಗೆ ಹೋಗಿದ್ದಾರೆ, ನಾಳೆ ಬನ್ನಿ." ಕೊಲೆ, ದರೋಡೆ, ಮಾರಣಾಂತಿಕ ಹಲ್ಲೆ ಕೇಸಿನ ಮನೆಯವರಿಗೆ ಈ ಮಾತು ಬಾಯಿಪಾಠ ಆಗಿರುತ್ತದೆ. ನಾಳೆ ಹೋದರೆ ಸಾಹೇಬರು ಕೋರ್ಟಿನಲ್ಲಿ. ನಾಡಿದ್ದು ಸಚಿವರ ಕಾರ್ಯಕ್ರಮ. ಆಚೆ ನಾಡಿದ್ದು ಹೋದರೆ, ಪಾಪ, ರಾತ್ರಿಯೆಲ್ಲ ನಿಂತು ಬಂದು ಈಗ ತಾನೇ ಮನೆಗೆ ಹೋದರು ಅನ್ನುತ್ತಾರೆ. ಇದರಲ್ಲಿ ಒಂದೂ ಸುಳ್ಳಲ್ಲ. ಕೇಸು ಮಾತ್ರ ಇದ್ದಲ್ಲೇ ಇರುತ್ತದೆ. ಈ ಬಗ್ಗೆ ಜನ ಕೇಳುವ ಪ್ರಶ್ನೆಗಳಿಗೆ ನನಗೆ ಗೊತ್ತಿರುವಷ್ಟು ಉತ್ತರ ಇಲ್ಲಿದೆ.

ತನಿಖೆಯ ಪೊಲೀಸರನ್ನು ಬೇರೆ ಕೆಲಸಕ್ಕೆ ಹಾಕಬೇಕು ಅಂತ ಯಾರು ತೀರ್ಮಾನ ಮಾಡುತ್ತಾರೆ?

ಯಾರೂ ಮಾಡುವುದಿಲ್ಲ. ಇದರ ವಿಚಿತ್ರವೇ ಅದು. "ಇನ್ನು ಮೇಲೆ ಕೊಲೆ ತನಿಖೆಗೆ ಜನ ಕಡಿಮೆ ಮಾಡೋಣ" ಅಂತ ಯಾವ ಸರ್ಕಾರವೂ ಆದೇಶ ಹೊರಡಿಸುವುದಿಲ್ಲ. ಬೆಳಿಗ್ಗೆ ಠಾಣೆಯಲ್ಲಿ ರೋಲ್‌ಕಾಲ್ ಆಗುತ್ತದಲ್ಲ, ಆ ಹೊತ್ತಿನಲ್ಲಿ ಇದು ಸದ್ದಿಲ್ಲದೆ ಆಗಿಹೋಗುತ್ತದೆ. ಮೇಲಿನಿಂದ ಮೆಸೇಜ್ ಬಂದಿರುತ್ತದೆ: ಇಂಥ ಕಡೆ ಪ್ರತಿಭಟನೆ, ಇನ್ಸ್‌ಪೆಕ್ಟರ್ ಒಬ್ಬರು, ಪಿಎಸ್‌ಐ ಇಬ್ಬರು, ಸಿಬ್ಬಂದಿ ಹದಿನೈದು ಜನ ಬೇಕು. ಪ್ರತಿಭಟನೆ ಹನ್ನೊಂದು ಗಂಟೆಗೆ. ಕೊಲೆ ಕೇಸಿನ ಸಾಕ್ಷಿಯನ್ನು ನಾಳೆಯೂ ಕರೆಸಬಹುದು. ಹಾಗಾಗಿ ಸಾಕ್ಷಿ ನಾಳೆಗೆ ಹೋಗುತ್ತಾನೆ. ನಾಳೆಯೂ ಇಂಥದ್ದೇ ಒಂದು ಮೆಸೇಜ್.

ಗಲಾಟೆಗೆ ಗಡಿಯಾರ ಇದೆ. ತನಿಖೆಗೆ ಗಡಿಯಾರ ಇಲ್ಲ. ಇದ್ದರೂ ಅದು 90 ದಿನಗಳಾಚೆ ಹೊಡೆಯುವ ಗಡಿಯಾರ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಠಾಣೆಯಲ್ಲಿ ಅಷ್ಟೊಂದು ಜನ ಇರುತ್ತಾರೆ. ಒಬ್ಬರು ಹೋದರೆ ಇನ್ನೊಬ್ಬರು ತನಿಖೆ ಮಾಡಬಹುದಲ್ವಾ?

ಎಲ್ಲರೂ ಮಾಡುವ ಹಾಗಿಲ್ಲ. ಕೊಲೆ ಕೇಸಿನ ತನಿಖೆಯನ್ನು ನಮ್ಮಲ್ಲಿ ಸಾಮಾನ್ಯವಾಗಿ ಇನ್ಸ್‌ಪೆಕ್ಟರ್ ಮಾಡುತ್ತಾರೆ. ಹಳ್ಳಿ ಕಡೆ ಠಾಣೆ ಪಿಎಸ್‌ಐ ಕೈಯಲ್ಲಿದ್ದರೆ ಸರ್ಕಲ್ ಇನ್ಸ್‌ಪೆಕ್ಟರ್ ಬರುತ್ತಾರೆ. ಕಾನ್‌ಸ್ಟೇಬಲ್‌ಗಳು ಓಡಾಡುತ್ತಾರೆ, ಹುಡುಕುತ್ತಾರೆ, ಮಾಹಿತಿ ತರುತ್ತಾರೆ. ಎಷ್ಟೋ ಕೇಸು ಪತ್ತೆಯಾಗುವುದು ಅವರಿಂದಲೇ. ಆದರೆ ಫೈಲು ತನಿಖಾಧಿಕಾರಿಯದ್ದು, ಅಂದರೆ ಎಲ್ಲರೂ ಐಒ ಅಂತ ಕರೆಯುವ ಆ ಒಬ್ಬರದ್ದು. ನಾಳೆ ಕೋರ್ಟಿನಲ್ಲಿ ಪಾಟೀಸವಾಲಿಗೆ ನಿಲ್ಲಬೇಕಾದವರೂ ಅವರೇ.

ಇದೇ ಇನ್ಸ್‌ಪೆಕ್ಟರ್ ಮೇಲೆ ಬೇರೆ ಎಷ್ಟು ಕಾನೂನುಗಳು ಕಣ್ಣಿಟ್ಟಿವೆ ನೋಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೇ ಕಲಂ ಪ್ರಕಾರ ಆ ಕಾಯ್ದೆಯ ಅಪರಾಧವನ್ನು ಇನ್ಸ್‌ಪೆಕ್ಟರ್‌ಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಓಟಿಪಿ ಕೇಳಿ ದುಡ್ಡು ಹೊಡೆದವನನ್ನು ಹುಡುಕುವುದಕ್ಕೂ ಅವರೇ ಬೇಕು, ಮಚ್ಚು ಬೀಸಿದವನನ್ನು ಹುಡುಕುವುದಕ್ಕೂ ಅವರೇ ಬೇಕು. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯದ ಕೇಸಾದರೆ ಡಿವೈಎಸ್‌ಪಿ ಅಥವಾ ಮೇಲಿನವರೇ ತನಿಖೆ ಮಾಡಬೇಕು. ಅತ್ಯಾಚಾರ ಮತ್ತು ಪೋಕ್ಸೊ ಕೇಸಿನ ತನಿಖೆ ಎರಡು ತಿಂಗಳಲ್ಲಿ ಮುಗಿಯಬೇಕು. ಇವೆಲ್ಲ ಒಳ್ಳೆಯ ನಿಯಮಗಳೇ. ದೊಡ್ಡ ಅಪರಾಧಕ್ಕೆ ದೊಡ್ಡ ಅಧಿಕಾರಿ ಬೇಕು ಅನ್ನುವುದು ಸರಿಯೇ. ಆದರೆ ಅಷ್ಟು ಅಧಿಕಾರಿಗಳು ಎಲ್ಲಿದ್ದಾರೆ?

ದೇಶದ ಮಟ್ಟದ ಲೆಕ್ಕ ಹೇಳುತ್ತೇನೆ. 2020ರ ಜನವರಿ 1ಕ್ಕೆ ಒಂದು ಲಕ್ಷ ಜನರಿಗೆ ಮಂಜೂರಾಗಿದ್ದ ಪೊಲೀಸರು ಸುಮಾರು 195. ನಿಜವಾಗಿ ಇದ್ದವರು ಸುಮಾರು 155. ಇದರಲ್ಲಿ ಮೀಸಲು ಪಡೆ, ಟ್ರಾಫಿಕ್, ಕಚೇರಿ ಎಲ್ಲ ಸೇರಿದೆ. ಕೇಸು ಬರೆಯುವ ಕೈಗಳು ಇದರಲ್ಲಿ ಒಂದು ಸಣ್ಣ ಪಾಲು.

ಕರ್ನಾಟಕದಲ್ಲಿ ಇನ್ನೊಂದು ಪೆಟ್ಟು ಬಿತ್ತು. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಆಮೇಲೆ ತರಬೇತಿ ಬೇರೆ. ಪಿಎಸ್‌ಐ ಅಂದರೆ ತನಿಖೆಯ ಮೊದಲ ಮೆಟ್ಟಿಲು. ಆ ಮೆಟ್ಟಿಲಿನಲ್ಲಿ ನೂರಾರು ಖಾಲಿ ಜಾಗ ವರ್ಷಗಟ್ಟಲೆ ಹಾಗೇ ಉಳಿಯಿತು. ಪರೀಕ್ಷೆ ಹಗರಣದ ಸುದ್ದಿ ಎಲ್ಲರೂ ಓದಿದರು. ಠಾಣೆಗಳಲ್ಲಿ ಇದರಿಂದ ಯಾರ ಕೆಲಸ ಯಾರ ತಲೆಗೆ ಬಂತು ಅಂತ ಕೇಳಿದವರು ಕಡಿಮೆ.

ಕೊಲೆಯಾದ ಮೊದಲ ಒಂದೆರಡು ದಿನ ಐಒಗೆ ಅಷ್ಟೊಂದು ಕೆಲಸ ಇರುತ್ತದೆಯೇ?

ಟೀವಿಯಲ್ಲಿ ತೋರಿಸುವ ಹಾಗೆ ಭೂತಗನ್ನಡಿ ಹಿಡಿದು ಓಡಾಡುವುದೇನೂ ಇರುವುದಿಲ್ಲ. ಬಹುಪಾಲು ಬರವಣಿಗೆ, ಪ್ಯಾಕಿಂಗು, ಕಾಯುವುದು.

ಸ್ಥಳಕ್ಕೆ ಹೋಗಿ ಟೇಪು ಕಟ್ಟಿ ಜನರನ್ನು ದೂರ ಇಡಬೇಕು. ನಮ್ಮೂರುಗಳಲ್ಲಿ ಇದೇ ಅರ್ಧ ಯುದ್ಧ. ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕುವ ಪಂಚರನ್ನು ಹಿಡಿದು ತರಬೇಕು. ಕೋರ್ಟು ಅಲೆಯುವ ಭಯಕ್ಕೆ ಯಾರೂ ಸಹಿ ಹಾಕಲು ಮುಂದೆ ಬರುವುದಿಲ್ಲ. ಸ್ಥಳ ಮಹಜರು ಬರೆಯಬೇಕು, ನಕ್ಷೆ ಹಾಕಬೇಕು. ಶವದ ಪಂಚನಾಮೆ ಮಾಡಿ ಪೋಸ್ಟ್‌ಮಾರ್ಟಂಗೆ ಕಳಿಸಬೇಕು. ರಕ್ತ ಹತ್ತಿದ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಕಾಗದದಲ್ಲಿ ಕಟ್ಟಬೇಕು. ಒದ್ದೆಯಾಗಿಯೇ ಪ್ಲಾಸ್ಟಿಕ್ ಕವರಿಗೆ ತುರುಕಿದರೆ ಬೂಷ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ. ಒಂದೊಂದಕ್ಕೂ ಸೀಲು, ಚೀಟಿ, ಸಹಿ. ಆಮೇಲೆ ಅದನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಅಂದರೆ ಎಫ್‌ಎಸ್‌ಎಲ್‌ಗೆ ಕಳಿಸಬೇಕು. ನಡುವೆ ಯಾರ ಕೈಯಲ್ಲಿ ಎಷ್ಟು ದಿನ ಇತ್ತು ಅನ್ನುವ ಸರಪಳಿ ಎಲ್ಲೂ ತುಂಡಾಗಬಾರದು.

ಇದರ ಜೊತೆಗೆ ಸುತ್ತಮುತ್ತಲಿನ ಅಂಗಡಿ, ಮನೆಗಳ ಸಿಸಿಟಿವಿ ನೋಡಬೇಕು. ಮೊಬೈಲ್ ಕಂಪನಿಗೆ ಪತ್ರ ಹಾಕಿ ಕರೆ ವಿವರ ತರಿಸಬೇಕು. ಕಣ್ಣಾರೆ ಕಂಡವರ ಹೇಳಿಕೆ ಬರೆಯಬೇಕು. ಆರೋಪಿ ಸಿಕ್ಕಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಪ್ರತಿದಿನ ಏನು ಮಾಡಿದೆ ಅಂತ ಕೇಸ್ ಡೈರಿ ಬರೆಯಬೇಕು. ಠಾಣೆಗಳಲ್ಲಿ ಅದನ್ನು ಸಿ.ಡಿ. ಅನ್ನುತ್ತಾರೆ.

2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರಲ್ಲಿ ಶೋಧನೆ, ವಶಪಡಿಸಿಕೊಳ್ಳುವುದು ಎಲ್ಲವನ್ನೂ ವಿಡಿಯೊ ಮಾಡಬೇಕು ಅಂತಿದೆ. ಏಳು ವರ್ಷ ಅಥವಾ ಅದಕ್ಕೂ ಜಾಸ್ತಿ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಅಂತಲೂ ಇದೆ. ಅದಕ್ಕೆ ರಾಜ್ಯಗಳಿಗೆ ಐದು ವರ್ಷದ ಅವಕಾಶ ಕೊಟ್ಟಿದ್ದಾರೆ. ಒಂದೊಂದು ಕೇಸಿಗೆ ಬೇಕಾಗುವ ಗಂಟೆಗಳು ಹೆಚ್ಚಾದವು. ದಿನಕ್ಕೆ ಇರುವುದು ಅದೇ 24.

ಎರಡು ಮೂರು ದಿನ ತಡವಾದರೆ ಆಕಾಶ ಕಳಚಿ ಬೀಳುತ್ತದೆಯೇ?

ಕೆಲವಕ್ಕೆ ಏನೂ ಆಗುವುದಿಲ್ಲ. ಮೊಬೈಲ್ ಕರೆ ವಿವರವನ್ನು ಕಂಪನಿಗಳು ಕನಿಷ್ಠ ಎರಡು ವರ್ಷ ಇಟ್ಟಿರಬೇಕು ಅಂತ 2021ರ ಕೊನೆಯಲ್ಲಿ ನಿಯಮ ಆಗಿದೆ. ಅದು ಕಾಯುತ್ತದೆ.

ಸಿಸಿಟಿವಿ ಕಾಯುವುದಿಲ್ಲ. ಕಿರಾಣಿ ಅಂಗಡಿಯ ಡಬ್ಬದಲ್ಲಿ ಹದಿನೈದು ದಿನವೋ ತಿಂಗಳೋ ಆದ ಮೇಲೆ ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗುತ್ತದೆ. ಮಳೆ ಕಾಯುವುದಿಲ್ಲ. ಎಲ್ಲಕ್ಕಿಂತ ಬೇಗ ಕೆಡುವುದು ಮನುಷ್ಯನ ನೆನಪು ಮತ್ತು ಧೈರ್ಯ. ಕೊಲೆಯಾದ ರಾತ್ರಿ "ನಾನು ನೋಡ್ದೆ ಸಾರ್" ಅಂದವನಿಗೆ ವಾರದೊಳಗೆ ಯಾರೋ ಬಂದು ಮಾತಾಡಿಸಿರುತ್ತಾರೆ. ಊರಿನ ಹಿರಿಯರು "ನಿಂಗ್ಯಾಕೆ ಬೇಕು" ಅಂದಿರುತ್ತಾರೆ. ತಡವಾಗಿ ಬರೆದ ಹೇಳಿಕೆಯನ್ನು ಎದುರು ಪಕ್ಷದ ವಕೀಲರು ಕೋರ್ಟಿನಲ್ಲಿ ಹಿಂಜುತ್ತಾರೆ: "ಘಟನೆ ಆಗಿದ್ದು ಸೋಮವಾರ, ನಿಮ್ಮ ಹೇಳಿಕೆ ಆಗಿದ್ದು ಮುಂದಿನ ಗುರುವಾರ. ನಡುವೆ ಹತ್ತು ದಿನ ಏನು ಮಾಡುತ್ತಿದ್ದಿರಿ?" ಐಒ ಹಬ್ಬದ ಬಂದೋಬಸ್ತಿನಲ್ಲಿದ್ದರು ಅನ್ನುವುದು ಕೋರ್ಟಿಗೆ ಸಮಾಧಾನ ಕೊಡುವ ಉತ್ತರವಲ್ಲ. ತಡಕ್ಕೆ ಸರಿಯಾದ ಕಾರಣ ಕೊಡದಿದ್ದರೆ ಅದರ ಲಾಭ ಆರೋಪಿಗೆ.

ಅದೇನದು 90 ದಿನದ ಲೆಕ್ಕ?

ಆರೋಪಿ ಜೈಲಿನಲ್ಲಿರುವಾಗ ಪೊಲೀಸರು ಗಡುವಿನೊಳಗೆ ಚಾರ್ಜ್‌ಶೀಟ್ ಹಾಕಬೇಕು. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮೇಲ್ಪಟ್ಟ ಶಿಕ್ಷೆಯ ಅಪರಾಧವಾದರೆ 90 ದಿನ, ಉಳಿದವಕ್ಕೆ 60 ದಿನ. ಅಷ್ಟರಲ್ಲಿ ಹಾಕದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ಇದು ಜನರ ಸ್ವಾತಂತ್ರ್ಯಕ್ಕೆ ಬೇಕಾದ ನಿಯಮ. ನನಗೆ ಇದರ ಮೇಲೆ ತಕರಾರಿಲ್ಲ.

ಆದರೆ ತೊಂಬತ್ತರಲ್ಲಿ ಮೂವತ್ತು ದಿನ ಬೇರೆ ಕಡೆ ಕಳೆದ ಐಒ ಏನು ಮಾಡುತ್ತಾರೆ? ಎಂಬತ್ತೈದನೇ ದಿನ ಕೂತು, ಇರುವುದನ್ನೆಲ್ಲ ಜೋಡಿಸಿ, ದಾರ ಕಟ್ಟಿ ಕೋರ್ಟಿಗೆ ಕೊಡುತ್ತಾರೆ. ಎಫ್‌ಎಸ್‌ಎಲ್ ವರದಿ "ಬಂದ ನಂತರ ಸಲ್ಲಿಸಲಾಗುವುದು". ಅಂಕಿ ಅಂಶದಲ್ಲಿ ಆ ಕೇಸು ಚೆನ್ನಾಗಿಯೇ ಕಾಣುತ್ತದೆ, ಯಾಕೆಂದರೆ ಚಾರ್ಜ್‌ಶೀಟ್ ಆಗಿದೆ. ಹುಳುಕು ಗೊತ್ತಾಗುವುದು ನಾಲ್ಕೈದು ವರ್ಷ ಆದ ಮೇಲೆ, ತೀರ್ಪಿನ ದಿನ. ಅಷ್ಟು ಹೊತ್ತಿಗೆ ಆ ಐಒ ಮೂರು ಠಾಣೆ ದಾಟಿ ಹೋಗಿರುತ್ತಾರೆ.

ಹಾಗಾದರೆ ಶಿಕ್ಷೆ ಎಷ್ಟು ಕೇಸಿನಲ್ಲಿ ಆಗುತ್ತಿದೆ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ ಕೊಲೆ ಕೇಸುಗಳು 28,522. ದಿನಕ್ಕೆ ಸುಮಾರು 78. ಕೊಲೆಯಲ್ಲಿ ಚಾರ್ಜ್‌ಶೀಟ್ ಹಾಕುವ ಪ್ರಮಾಣ ಎತ್ತರದಲ್ಲೇ ಇದೆ. ವಿಚಾರಣೆ ಮುಗಿದು ಶಿಕ್ಷೆಯಾಗುವುದು ಮಾತ್ರ ಅರ್ಧಕ್ಕಿಂತ ಕಡಿಮೆ ಕೇಸಿನಲ್ಲಿ. ಎಲ್ಲದಕ್ಕೂ ಬಂದೋಬಸ್ತನ್ನೇ ದೂರುವುದು ಸರಿಯಲ್ಲ. ಸಾಕ್ಷಿಗಳು ತಿರುಗಿ ಬೀಳುತ್ತಾರೆ, ವಿಚಾರಣೆ ಎಳೆಯುತ್ತದೆ, ಕೆಲವು ಸಲ ತಪ್ಪು ಮನುಷ್ಯನನ್ನೇ ಹಿಡಿದಿರುತ್ತಾರೆ. ಆದರೂ ಈ ಎರಡು ಅಂಕಿಗಳ ನಡುವಿನ ಕಂದಕ ನೋಡಿದರೆ, ಅವಸರದಲ್ಲಿ ದಾರ ಕಟ್ಟಿದ ಫೈಲುಗಳು ನನಗೆ ನೆನಪಾಗುತ್ತವೆ.

ಬಂದೋಬಸ್ತ್ ಬೇಡ ಅಂತೀರಾ?

ಖಂಡಿತ ಇಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಆರ್‌ಸಿಬಿ ಐಪಿಎಲ್ ಕಪ್ ಗೆದ್ದ ರಾತ್ರಿಯೆಲ್ಲ ಬೀದಿಯಲ್ಲಿ ನಿಂತಿದ್ದ ಪೊಲೀಸರು ಮಾರನೇ ದಿನ ಮತ್ತೆ ಲಕ್ಷಗಟ್ಟಲೆ ಜನರ ಮುಂದೆ ನಿಲ್ಲಬೇಕಾಯಿತು. ಗುಂಪು ಕಾಯುವುದೂ ಜೀವ ಉಳಿಸುವ ಕೆಲಸವೇ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆಗೆ ಬೆಂಗಳೂರು ಹೊತ್ತಿಕೊಂಡಾಗ "ನಾನು ಕೊಲೆ ಕೇಸಿನಲ್ಲಿದ್ದೇನೆ, ಬರಲ್ಲ" ಅನ್ನುವ ಇನ್ಸ್‌ಪೆಕ್ಟರ್ ಯಾರಿಗೆ ಬೇಕು?

ತೊಂದರೆ ಇರುವುದು ಮೊದಲೇ ಗೊತ್ತಿರುವ ಬಂದೋಬಸ್ತುಗಳಲ್ಲಿ. ಮೈಸೂರು ದಸರಾ ಯಾವ ತಾರೀಖಿಗೆ ಅಂತ ಪಂಚಾಂಗದಲ್ಲಿದೆ. ಗಣೇಶನ ವಿಸರ್ಜನೆ ಯಾವತ್ತು ಅಂತ ಗೊತ್ತು. ಬೆಳಗಾವಿ ಅಧಿವೇಶನ ಚಳಿಗಾಲದಲ್ಲಿ ಬರುತ್ತದೆ, ಆಗ ಬೇರೆ ಬೇರೆ ಜಿಲ್ಲೆಗಳಿಂದ ಪೊಲೀಸರು ಹೋಗಿ ಕಲ್ಯಾಣ ಮಂಟಪದಲ್ಲೋ ಟೆಂಟಿನಲ್ಲೋ ಉಳಿಯುತ್ತಾರೆ. ಇವೆಲ್ಲಕ್ಕೂ ಮೀಸಲು ಪಡೆಯೇ ಸಾಕಾಗುವಷ್ಟು ದೊಡ್ಡದಿದ್ದರೆ, ಊರಿನ ಠಾಣೆಯ ಐಒಗಳನ್ನು ಎಳೆಯಬೇಕಾಗಿಲ್ಲ. ಮೀಸಲು ಪಡೆ ಅಂತ ಇರುವುದೇ ಅದಕ್ಕಲ್ವಾ? ಇನ್ನು ಸಚಿವರು ಸೇತುವೆ ಉದ್ಘಾಟನೆಗೆ ಬಂದಾಗ ದಾರಿಯುದ್ದಕ್ಕೂ ನಿಲ್ಲಿಸುವುದು, ಬಿಡಿ, ಅದರ ಬಗ್ಗೆ ನಾನು ಬರೆದರೆ ಭಾಷೆ ಕೆಡುತ್ತದೆ.

ಚುನಾವಣೆ ಬಂದರೆ?

ಚುನಾವಣೆ ಎರಡು ರೀತಿ ಹೊಡೆಯುತ್ತದೆ. ಒಂದು, ಎಲ್ಲರಿಗೂ ಕಾಣುವುದು: ಚೆಕ್‌ಪೋಸ್ಟ್, ಮತಗಟ್ಟೆ, ಎಣಿಕೆ. 2024ರ ಲೋಕಸಭಾ ಚುನಾವಣೆಗೆ ಮಾರ್ಚ್ 16ರಂದು ನೀತಿ ಸಂಹಿತೆ ಬಂತು. ಕರ್ನಾಟಕದಲ್ಲಿ ಏಪ್ರಿಲ್ 26 ಮತ್ತು ಮೇ 7ಕ್ಕೆ ಮತದಾನ, ಜೂನ್ 4ಕ್ಕೆ ಎಣಿಕೆ. ಲೆಕ್ಕ ಹಾಕಿ ನೋಡಿ, ಸುಮಾರು 80 ದಿನ. ಮಾರ್ಚ್ ಮಧ್ಯದಲ್ಲಿ ಆದ ಕೊಲೆಯ 90 ದಿನದ ಗಡುವು ಬಹುಪಾಲು ಇದರೊಳಗೇ ಕರಗಿಹೋಗುತ್ತದೆ.

ಎರಡನೆಯದು ಕಾಣದೇ ಇರುವುದು. ಸ್ವಂತ ಜಿಲ್ಲೆಯಲ್ಲಿರುವ, ಇಲ್ಲವೇ ಒಂದೇ ಜಿಲ್ಲೆಯಲ್ಲಿ ಮೂರು ವರ್ಷ ಮುಗಿಸಿರುವ ಅಧಿಕಾರಿಗಳನ್ನು ಚುನಾವಣೆಗೆ ಮುಂಚೆ ವರ್ಗ ಮಾಡಬೇಕು ಅಂತ ಚುನಾವಣಾ ಆಯೋಗ ಹೇಳುತ್ತದೆ. ಪಕ್ಷಪಾತ ಆಗಬಾರದು ಅಂತ ಮಾಡಿದ ಒಳ್ಳೆಯ ಏರ್ಪಾಡು. ಆದರೆ ಇನ್ಸ್‌ಪೆಕ್ಟರ್ ಹೋದರೆ ಅವರ ತಲೆಯೊಳಗಿದ್ದ ಕೇಸೂ ಹೋಗುತ್ತದೆ. ಯಾವ ಸಾಕ್ಷಿ ಹೆದರಿದ್ದಾನೆ, ಯಾವನು ಅರ್ಧ ಹೇಳಿ ನಿಲ್ಲಿಸಿದ್ದಾನೆ, ಇದನ್ನೆಲ್ಲ ಯಾರೂ ಸಿ.ಡಿ.ಯಲ್ಲಿ ಬರೆಯುವುದಿಲ್ಲ. ಹೊಸಬರು ಫೈಲು ಓದುತ್ತಾರೆ, ಅಷ್ಟೇ.

ನಾನೊಮ್ಮೆ ಪರಿಚಯದವರ ಕೇಸಿಗಾಗಿ ಒಂದು ಠಾಣೆಯಲ್ಲಿ ಎರಡು ಗಂಟೆ ಕೂತಿದ್ದೆ. ಹೊಸ ಇನ್ಸ್‌ಪೆಕ್ಟರ್ ಒಳ್ಳೆಯ ಮನುಷ್ಯ, ಟೀ ಕೊಡಿಸಿದರು. ಆಮೇಲೆ ಕೇಳಿದರು: "ಸತ್ತವರು ನಿಮಗೆ ಏನಾಗಬೇಕು, ಹೇಗಾಯ್ತು, ಮೊದಲಿಂದ ಹೇಳಿ." ಜೊತೆಗಿದ್ದ ಅಮ್ಮ ಮೂರನೇ ಅಧಿಕಾರಿಗೆ ಮೂರನೇ ಸಲ ಮೊದಲಿಂದ ಹೇಳಿದರು.

ಇದನ್ನು ಸರಿಮಾಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆಯಂತಲ್ಲ?

ಹೇಳಿದೆ, ಅದೂ ಯಾವಾಗಲೋ. ಉತ್ತರ ಪ್ರದೇಶದ ಡಿಜಿಪಿಯಾಗಿದ್ದ ಪ್ರಕಾಶ್ ಸಿಂಗ್ ನಿವೃತ್ತರಾದ ಮೇಲೆ 1996ರಲ್ಲಿ ಅರ್ಜಿ ಹಾಕಿದರು. ಹತ್ತು ವರ್ಷ ಆದ ಮೇಲೆ, 2006ರ ಸೆಪ್ಟೆಂಬರ್ 22ರಂದು ತೀರ್ಪು ಬಂತು. ಏಳು ನಿರ್ದೇಶನಗಳು. ಅದರಲ್ಲಿ ಒಂದು ಇದೇ ವಿಷಯದ್ದು: ತನಿಖೆ ಮಾಡುವ ಪೊಲೀಸರನ್ನು ಕಾನೂನು ಸುವ್ಯವಸ್ಥೆಯ ಪೊಲೀಸರಿಂದ ಬೇರೆ ಮಾಡಿ. ಮೊದಲು ಹತ್ತು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಶುರು ಮಾಡಿ, ನಿಧಾನಕ್ಕೆ ಸಣ್ಣ ಊರುಗಳಿಗೂ ತನ್ನಿ.

ಕೋರ್ಟು ಇದನ್ನು ಹೊಸದಾಗಿ ಕಂಡುಹಿಡಿದಿದ್ದಲ್ಲ. ಕಾನೂನು ಆಯೋಗದ 154ನೇ ವರದಿ 1996ರಲ್ಲೇ ಹೇಳಿತ್ತು. ಕರ್ನಾಟಕ ಮತ್ತು ಕೇರಳ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾಗಿದ್ದ ನಮ್ಮ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲಿ ಕೊಟ್ಟ ವರದಿಯಲ್ಲೂ ಇದೇ ಮಾತಿದೆ. ಮಳಿಮಠ ಸಮಿತಿಯ ಕೆಲವು ಶಿಫಾರಸುಗಳ ಮೇಲೆ ದೊಡ್ಡ ಜಗಳಗಳಾಗಿವೆ. ಈ ಒಂದು ಶಿಫಾರಸಿಗೆ ಮಾತ್ರ ಹೆಚ್ಚುಕಡಿಮೆ ಎಲ್ಲರೂ ತಲೆಯಾಡಿಸುತ್ತಾರೆ. ಎಲ್ಲರೂ ಒಪ್ಪಿದ್ದೇ ಯಾಕೆ ಮುಂದೆ ಹೋಗುವುದಿಲ್ಲ ಅಂದರೆ, ಬೇರೆ ಮಾಡಲು ಎರಡು ಪಟ್ಟು ಜನ ಬೇಕು. ಇರುವವರನ್ನೇ ಎರಡು ಸಾಲಿನಲ್ಲಿ ನಿಲ್ಲಿಸಿದರೆ ಬೇರೆ ಮಾಡಿದಂತಾಗುವುದಿಲ್ಲ. ಜೊತೆಗೆ ಯಾವ ಎಸ್‌ಪಿಗೂ ಗಲಾಟೆಯ ದಿನ ಕರೆದ ತಕ್ಷಣ ಬರುವ ಕೈಗಳನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಅವರ ಜಾಗದಲ್ಲಿ ಕೂತರೆ ನನಗೂ ಇರುತ್ತಿರಲಿಲ್ಲವೇನೋ.

ನಮ್ಮ ಠಾಣೆಯಲ್ಲಿ "ಕ್ರೈಂ ಪಿಎಸ್‌ಐ" ಅಂತ ಬೋರ್ಡೇ ಇದೆ. ಅದು ಬೇರ್ಪಡಿಸಿದ ಹಾಗಲ್ಲವೇ?

ಹೆಸರು ನೋಡಿ ಮೋಸ ಹೋಗಬೇಡಿ. ಹೆಚ್ಚಿನ ಕಡೆ ಕ್ರೈಂ ವಿಭಾಗ ಅಂದರೆ ಕಳವು, ಸರಗಳ್ಳತನ, ಮನೆಗಳ್ಳತನ, ದರೋಡೆ, ಅಂದರೆ ಸ್ವತ್ತಿನ ಅಪರಾಧ. ಜಗಳದಲ್ಲಿ ಆದ ಕೊಲೆ, ಹಲ್ಲೆ ಇಂಥವು ಕಾನೂನು ಸುವ್ಯವಸ್ಥೆಯ ಕಡೆಯವರ ಪಾಲಿಗೆ ಬರುತ್ತವೆ. ಚೆನ್ನೈನಲ್ಲೂ ಇಂಥದ್ದೇ ಹಂಚಿಕೆ ಬಹಳ ಹಿಂದಿನಿಂದ ಇದೆ. ಹಾಗಾಗಿ ಮೆರವಣಿಗೆಗೆ ಮೊದಲು ಓಡಬೇಕಾದವರ ಮೇಜಿನ ಮೇಲೇ ಕೊಲೆ ಫೈಲು ಇರುತ್ತದೆ. ಬೋರ್ಡು ಬದಲಾದರೆ ಸಾಲದು, ಗಲಾಟೆಯ ದಿನ ಆ ಬೋರ್ಡಿನವರನ್ನು ಕರೆಯದೆ ಇರಬೇಕು.

ಬೇರೆ ದೇಶಗಳಲ್ಲೂ ಹೀಗೆ ಆಗುತ್ತದೆಯೇ?

ಆಗುತ್ತದೆ, ಆದರೆ ಆಗುವ ರೀತಿ ಬೇರೆ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ ದಾಳಿಯ ನಂತರ ಎಫ್‌ಬಿಐ ತನ್ನ ದಿಕ್ಕನ್ನೇ ಬದಲಿಸಿತು. ಆಗಿನ ನಿರ್ದೇಶಕ ರಾಬರ್ಟ್ ಮುಲ್ಲರ್ 2002ರ ಮೇ ತಿಂಗಳಲ್ಲಿ 518 ಏಜೆಂಟರನ್ನು ಬೇರೆಡೆಗೆ ಹಾಕುವುದಾಗಿ ಪ್ರಕಟಿಸಿದರು. ಬಹುಪಾಲು ಜನ ಭಯೋತ್ಪಾದನೆ ತಡೆಯುವ ಕೆಲಸಕ್ಕೆ. ಅವರಲ್ಲಿ 400 ಜನ ಡ್ರಗ್ಸ್ ವಿಭಾಗದವರು, 59 ಜನ ಹಿಂಸಾತ್ಮಕ ಅಪರಾಧದವರು, 59 ಜನ ಬಿಳಿ ಕಾಲರ್ ಅಪರಾಧದವರು, ಅಂದರೆ ಹಣಕಾಸಿನ ಮೋಸದಂಥ ಕೇಸು ನೋಡುವವರು. ಆಮೇಲೆ ಅಲ್ಲಿನ ನ್ಯಾಯ ಇಲಾಖೆಯ ಕೆಲಸವನ್ನು ಒಳಗಿನಿಂದಲೇ ಪರಿಶೀಲಿಸುವ ಇನ್‌ಸ್ಪೆಕ್ಟರ್ ಜನರಲ್ ಲೆಕ್ಕ ಹಾಕಿ, ಹೇಳಿದ್ದಕ್ಕಿಂತ ಜಾಸ್ತಿ ಜನ ಹೋಗಿದ್ದಾರೆ ಅಂತ ವರದಿ ಕೊಟ್ಟರು. 2004ರಲ್ಲಿ ಎಫ್‌ಬಿಐನ ಹಿರಿಯ ಅಧಿಕಾರಿಯೊಬ್ಬರು ಗೃಹಸಾಲದ ಮೋಸ ಸಾಂಕ್ರಾಮಿಕ ಆಗಬಹುದು ಅಂತ ಎಚ್ಚರಿಸಿದ್ದರು. ಅದನ್ನು ಹಿಡಿಯಲು ಜನ ಸಾಲಲಿಲ್ಲ. 2008ರ ಆರ್ಥಿಕ ಕುಸಿತದಲ್ಲಿ ಏನಾಯಿತು ಅಂತ ಅಲ್ಲಿ ಕೆಲಸ ಕಳೆದುಕೊಂಡ ನಮ್ಮವರಿಗೂ ಗೊತ್ತು.

2025ರಲ್ಲಿ ಮತ್ತೆ ದೊಡ್ಡ ಸ್ಥಳಾಂತರ. ಈ ಸಲ ಎಫ್‌ಬಿಐ ಜೊತೆಗೆ ಡ್ರಗ್ಸ್ ಮತ್ತು ಬಂದೂಕು ನಿಯಂತ್ರಣದ ಸಂಸ್ಥೆಗಳಿಂದಲೂ ಏಜೆಂಟರನ್ನು ವಲಸೆ ಕಾನೂನು ಜಾರಿಗೆ ಹಾಕಿದರು.

ಹಾಗಂತ ಅಮೆರಿಕದಲ್ಲಿ ಕೊಲೆಗಳು ತಕ್ಷಣ ಹೆಚ್ಚಾದವೇ? ಇಲ್ಲ. 2022ರ ನಂತರ ಅಲ್ಲಿ ಕೊಲೆಗಳು ಇಳಿಯುತ್ತಲೇ ಬಂದಿವೆ. ಕಾರಣ, ಅಲ್ಲಿ ಕೊಲೆ ತನಿಖೆ ಬಹುಪಾಲು ಊರಿನ ಪೊಲೀಸರದ್ದು, ದೊಡ್ಡ ಊರುಗಳಲ್ಲಿ ಅದಕ್ಕೆಂದೇ ಪತ್ತೆದಾರರು ಇರುತ್ತಾರೆ. ಆದರೂ 1960ರ ದಶಕದಲ್ಲಿ ಹತ್ತರಲ್ಲಿ ಒಂಬತ್ತು ಕೊಲೆ ಪತ್ತೆಯಾಗುತ್ತಿದ್ದ ದೇಶದಲ್ಲಿ, ಈ ದಶಕದ ಶುರುವಿನಲ್ಲಿ ಅದು ಅರ್ಧದ ಹತ್ತಿರಕ್ಕೆ ಬಂತು. ಅದಕ್ಕೆ ನೂರು ಕಾರಣಗಳಿವೆ.

ನನಗೆ ಹೊಟ್ಟೆಕಿಚ್ಚು ಹುಟ್ಟಿಸುವುದು ಆ 518 ಅನ್ನುವ ಸಂಖ್ಯೆ. ಅವರು ತಪ್ಪೇ ಮಾಡಿರಲಿ, ಎಷ್ಟು ಜನರನ್ನು ಎಲ್ಲಿಂದ ಎಲ್ಲಿಗೆ ಕಳಿಸಿದೆವು ಅಂತ ಬಾಯಿಬಿಟ್ಟು ಹೇಳಿದರು. ಇನ್ನೊಬ್ಬರು ಆ ಲೆಕ್ಕವನ್ನು ತಾಳೆ ನೋಡಿದರು. ನಮ್ಮಲ್ಲಿ ತಾಳೆ ನೋಡಲು ಸಂಖ್ಯೆಯೇ ಇಲ್ಲ.

ತನಿಖೆಗೆ ಪೂರ್ತಿ ಜನ ಕೊಟ್ಟರೆ ನಿಜವಾಗಿ ವ್ಯತ್ಯಾಸ ಆಗುತ್ತದೆಯೇ?

ನಮ್ಮ ರಾಜ್ಯದಲ್ಲೇ ಕಣ್ಣಮುಂದೆ ಉದಾಹರಣೆ ಇದೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಡಾ. ಎಂ.ಎಂ. ಕಲಬುರ್ಗಿಯವರನ್ನು ಮನೆ ಬಾಗಿಲಲ್ಲಿ ಗುಂಡಿಟ್ಟು ಕೊಂದರು. ಸಿಐಡಿ ತನಿಖೆ ವರ್ಷಗಟ್ಟಲೆ ಮುಂದೆ ಹೋಗಲಿಲ್ಲ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶ್ ಕೊಲೆಯಾಯಿತು. ಅದಕ್ಕೆ ವಿಶೇಷ ತನಿಖಾ ತಂಡ, ಅಂದರೆ ಎಸ್‌ಐಟಿ ಮಾಡಿದರು. ಬಿ.ಕೆ. ಸಿಂಗ್ ಮುಖ್ಯಸ್ಥರು, ಎಂ.ಎನ್. ಅನುಚೇತ್ ತನಿಖಾಧಿಕಾರಿ.

ಈ ತಂಡವೂ ವಾರದಲ್ಲಿ ಪವಾಡ ಮಾಡಲಿಲ್ಲ. ಮೊದಲ ಬಂಧನಕ್ಕೇ ಸುಮಾರು ಆರು ತಿಂಗಳು ಹಿಡಿಯಿತು. ಪತ್ರಿಕೆಗಳು ಗೇಲಿ ಮಾಡಿದವು. ಆದರೆ ಅದೇ ಅಧಿಕಾರಿಗಳು ಅದೇ ಕೇಸಿನಲ್ಲಿ ಉಳಿದರು. 2018ರ ನವೆಂಬರ್‌ನಲ್ಲಿ 18 ಆರೋಪಿಗಳ ಮೇಲೆ 9,235 ಪುಟಗಳ ಚಾರ್ಜ್‌ಶೀಟ್ ಹಾಕಿದರು. ಎರಡೂ ಕೊಲೆಗೆ ಒಂದೇ 7.65 ಎಂಎಂ ನಾಡ ಪಿಸ್ತೂಲು ಬಳಕೆಯಾಗಿದೆ ಅಂತ ಎಫ್‌ಎಸ್‌ಎಲ್ ಹೇಳಿತು. 2019ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕಲಬುರ್ಗಿ ಕೇಸನ್ನೂ ಇದೇ ತಂಡಕ್ಕೆ ಕೊಟ್ಟಿತು. ಮೂರೂವರೆ ವರ್ಷ ಅಲುಗಾಡದಿದ್ದ ಕೇಸಿನಲ್ಲಿ ಅದೇ ವರ್ಷದ ಆಗಸ್ಟ್‌ನಲ್ಲಿ ಚಾರ್ಜ್‌ಶೀಟ್ ಬಂತು. ಆರೋಪಿಗಳು ತಪ್ಪಿತಸ್ಥರೋ ಅಲ್ಲವೋ ಅದನ್ನು ಹೇಳಬೇಕಾದ್ದು ಕೋರ್ಟು. ನಾನು ಹೇಳುತ್ತಿರುವುದು ತನಿಖೆಯ ವಿಷಯ. ಆ ತಂಡಕ್ಕೆ ಸಿಕ್ಕಿದ್ದು ಬೇರೆ ಯಾವ ಐಒಗೂ ಸಿಗದ ವಸ್ತು: ಅಡ್ಡಿಯಿಲ್ಲದ ದಿನಗಳು.

ಹಾಗಾದರೆ ಎಲ್ಲ ಕೊಲೆಗೂ ಎಸ್‌ಐಟಿ ಮಾಡಬಹುದಲ್ಲ?

ಆಗುವುದಿಲ್ಲ. ಎಸ್‌ಐಟಿಗೆ ಅಧಿಕಾರಿಗಳು ಆಕಾಶದಿಂದ ಬರುವುದಿಲ್ಲ. ಬೇರೆ ಬೇರೆ ಠಾಣೆಗಳಿಂದ ಚುರುಕಾದವರನ್ನು ಆರಿಸಿ ತರುತ್ತಾರೆ. ಅವರು ಬಿಟ್ಟುಬಂದ ಮೇಜುಗಳ ಮೇಲೂ ಕೊಲೆ ಫೈಲುಗಳಿರುತ್ತವೆ. ಹೆಸರಿಲ್ಲದ ಕೂಲಿ ಹೆಂಗಸಿನ ಫೈಲು, ಊರಾಚೆ ಕೆರೆಯಲ್ಲಿ ಸಿಕ್ಕ ಹುಡುಗನ ಫೈಲು.

ನಮ್ಮ ಮನೆಯವರ ಕೇಸು ನಿಂತುಹೋಗಿದೆ. ನಾವು ಏನು ಮಾಡಬಹುದು?

ಮೊದಲು ಎಫ್‌ಐಆರ್ ಪ್ರತಿ ಇಟ್ಟುಕೊಳ್ಳಿ. ದೂರುದಾರರಿಗೆ, ಸಂತ್ರಸ್ತರಿಗೆ ಅದು ಉಚಿತ. ಹೊಸ ಸಂಹಿತೆಯ 193ನೇ ಕಲಂ ಪ್ರಕಾರ 90 ದಿನದೊಳಗೆ ತನಿಖೆ ಎಲ್ಲಿಗೆ ಬಂತು ಅಂತ ಪೊಲೀಸರು ನಿಮಗೆ ತಿಳಿಸಬೇಕು. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಆ ಕಲಂ ಹೆಸರಿಸಿ ಒಂದು ಸಣ್ಣ ಪತ್ರ ಬರೆದು ಕೊಡಿ, ಹಿಂಬರಹದ ಪ್ರತಿ ತೆಗೆದುಕೊಳ್ಳಿ. ಬಾಯಿಮಾತಿಗೆ ಠಾಣೆಯಲ್ಲಿ ಬೆಲೆ ಇಲ್ಲ, ಸೀಲಿಗೆ ಇದೆ.

ಸಿಸಿಟಿವಿ ಇರುವ ಅಂಗಡಿ ನಿಮಗೆ ಗೊತ್ತಿದ್ದರೆ ಅದನ್ನೂ ಬರೆದು ಕೊಡಿ, ಆದಷ್ಟು ಬೇಗ. ನೀವೇ ಹೋಗಿ ಡಬ್ಬ ಬಿಚ್ಚಬೇಡಿ. ಹೆದರಿರುವ ಸಾಕ್ಷಿ ಇದ್ದರೆ, ಅವರ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಿ ಅಂತ ಐಒಗೆ ಕೇಳಿ. 183ನೇ ಕಲಂನಲ್ಲಿ ಅದಕ್ಕೆ ಅವಕಾಶ ಇದೆ. ಹಳೆಯ ವಕೀಲರು ಇನ್ನೂ 164 ಅನ್ನುತ್ತಾರೆ, ಎರಡೂ ಒಂದೇ.

ಇದ್ಯಾವುದಕ್ಕೂ ಉತ್ತರ ಬರದಿದ್ದರೆ ಎಸ್‌ಪಿ ಅಥವಾ ಡಿಸಿಪಿಗೆ ಬರೆಯಿರಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ತನಿಖೆ ಸರಿಯಾಗಿ ನಡೆಯುತ್ತಿಲ್ಲ ಅನಿಸಿದರೆ ಮ್ಯಾಜಿಸ್ಟ್ರೇಟರು ಅದರ ಮೇಲೆ ಕಣ್ಣಿಡಬಹುದು ಅಂತ ಸಾಕಿರಿ ವಾಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಲ್ಲರೂ ಮೊದಲೇ ಹೈಕೋರ್ಟಿಗೆ ಓಡುತ್ತಾರೆ, ದುಡ್ಡು ಸುರಿಯುತ್ತಾರೆ. ಹತ್ತಿರದ ಬಾಗಿಲನ್ನು ಮೊದಲು ತಟ್ಟಿ. ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಬಡವರಿಗೆ ವಕೀಲರನ್ನೂ ಅವರೇ ಕೊಡುತ್ತಾರೆ.

ನಮ್ಮ ಠಾಣೆಯ ಇನ್ಸ್‌ಪೆಕ್ಟರ್ ವರ್ಷದಲ್ಲಿ ಎಷ್ಟು ದಿನ ಬಂದೋಬಸ್ತಿನಲ್ಲಿದ್ದರು ಅಂತ ತಿಳಿಯಬಹುದೇ?

ತಿಳಿಯಬಹುದು. ಯಾವ ಅಧಿಕಾರಿ ಎಷ್ಟು ಹೊತ್ತಿಗೆ ಠಾಣೆ ಬಿಟ್ಟರು, ಯಾಕೆ ಬಿಟ್ಟರು, ಯಾವಾಗ ವಾಪಸ್ ಬಂದರು ಅನ್ನುವುದು ಠಾಣಾ ದಿನಚರಿಯಲ್ಲಿ ದಾಖಲಾಗುತ್ತದೆ. ಅಂದರೆ ಮಾಹಿತಿ ಈಗಲೇ ಇದೆ. ಯಾರೂ ಕೂಡಿಸಿ ನೋಡಿಲ್ಲ, ಅಷ್ಟೇ. ಮಾಹಿತಿ ಹಕ್ಕಿನಲ್ಲಿ ಕೇಸಿನ ಒಳವಿವರ ಕೇಳಿದರೆ ತನಿಖೆಗೆ ಅಡ್ಡಿ ಅಂತ ನಿರಾಕರಿಸಬಹುದು. ಬಂದೋಬಸ್ತಿನ ದಿನಗಳ ಬರೀ ಮೊತ್ತ ಕೇಳಿದರೆ ಆ ಕಾರಣ ಕೊಡುವುದು ಕಷ್ಟ. ನಿಮ್ಮ ಶಾಸಕರಿಗೆ ಹೇಳಿ ಸದನದಲ್ಲೂ ಇದನ್ನು ಪ್ರಶ್ನೆಯಾಗಿ ಕೇಳಿಸಬಹುದು. ಬೆಳಗಾವಿಯಲ್ಲಿ ಕೇಳಿಸಿದರೆ ಇನ್ನೂ ಚೆನ್ನ. ಆ ಪ್ರಶ್ನೆಯ ಉತ್ತರದಲ್ಲಿ ಬರಬೇಕಾದ ಎಷ್ಟೋ ಜನ ಆವತ್ತು ಸದನದ ಹೊರಗೇ ನಿಂತಿರುತ್ತಾರೆ.

ಕೊನೆಗೆ ಒಂದು: ಯಾವ ಹೊತ್ತಿಗೆ ಹೋದರೆ ಐಒ ಸಿಗುತ್ತಾರೆ?

ಬೆಳಿಗ್ಗೆ ರೋಲ್‌ಕಾಲ್ ಮುಗಿದ ತಕ್ಷಣ, ಕೋರ್ಟಿಗೆ ಹೊರಡುವ ಮುಂಚೆ. ಇಲ್ಲವಾದರೆ ರಾತ್ರಿ ಎಂಟರ ಮೇಲೆ. ಹೋಗುವ ಮುಂಚೆ ಠಾಣೆಗೆ ಫೋನ್ ಮಾಡಿ, ಅಲ್ಲಿನ ಬರವಣಿಗೆ ನೋಡಿಕೊಳ್ಳುವ ರೈಟರ್ ಹತ್ತಿರ ಕೇಳಿ. ಸಾಹೇಬರು ಎಲ್ಲಿದ್ದಾರೆ, ನಾಳೆ ಯಾವ ಡ್ಯೂಟಿ ಬಿದ್ದಿದೆ ಅಂತ ಅವರಿಗೆ ಗೊತ್ತಿರುತ್ತದೆ. ಮೊದಲೇ ಬರೆದ ಪತ್ರ ಎರಡು ಪ್ರತಿ ಜೇಬಿನಲ್ಲಿರಲಿ. ಸಾಹೇಬರು ಇಲ್ಲದಿದ್ದರೂ ಪತ್ರ ಕೊಟ್ಟು ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ.